ಹೊಗೆಯ ಲೆಕ್ಕ ಯಾರ ಹೆಸರಿಗೆ?



ರೋಹಿಣಿ ಮಳೆ ಬಿತ್ತು ಅಂದ್ರೆ ಹೊಲ ಹದ ಮಾಡಬೇಕು. ಮಿರಗ ಮಳೆ ಕೂಡಿತು ಅಂದ್ರೆ ಬೀಜ ಬೀಳಬೇಕು. ನಮ್ಮ ಅಜ್ಜಿಯರು ಹೀಗೆ ಬೆರಳು ಮಡಚಿ ಮಳೆ ಎಣಿಸುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ಮಳೆಯ ಲೆಕ್ಕ ತಪ್ಪುತ್ತಿರಲಿಲ್ಲ. ಈಗ ನಮಗೆ ಓದು ಬಂದಿದೆ. ಮಳೆಯೇ ಲೆಕ್ಕ ತಪ್ಪಿದೆ.

ನೋಡಿ. 2021ರ ಜುಲೈ ತಿಂಗಳಲ್ಲಿ ನಮ್ಮ ಪಕ್ಕದ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. ತೋಟ, ಮನೆ, ರಸ್ತೆ ಜಾರಿ ಹೋದವು. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರ ಬಿದ್ದ ತಾಲ್ಲೂಕು ಎಂದು ಸರ್ಕಾರ ಸಾರಿತು. ಮರುವರ್ಷವೇ, 2024ರ ಜುಲೈ 16ರಂದು, ನಮ್ಮ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಜನ ಸತ್ತರು.

ಒಂದು ವರ್ಷ ಹನಿ ಇಲ್ಲ. ಇನ್ನೊಂದು ವರ್ಷ ತಡೆಯಲಾರದಷ್ಟು. ಗುಡ್ಡ ಬೀಳಲು ಬೇರೆ ಕಾರಣಗಳೂ ಇರುತ್ತವೆ. ಗುಡ್ಡದ ಬುಡ ಕಡಿದರೆ ಅದು ಜಾರುತ್ತದೆ. ಆದರೆ ಭೂಮಿ ಬಿಸಿಯಾದಷ್ಟೂ ಸ್ವಲ್ಪ ಹೊತ್ತಿನಲ್ಲೇ ಧೋ ಎಂದು ಸುರಿಯುವ ಮಳೆ ಹೆಚ್ಚುತ್ತದೆ ಎಂದು ವಿಜ್ಞಾನಿಗಳು ಹೇಳ್ತಾರೆ. ಮಳೆಯ ಅಳತೆ ಇಟ್ಟು, ಲೆಕ್ಕ ಹಾಕಿ ಹೇಳಿದ ಮಾತು ಇದು.

ಭೂಮಿ ಯಾಕೆ ಬಿಸಿಯಾಯಿತು? ಯಾರಿಂದ ಆಯಿತು? ಇದಕ್ಕೆ ಯಾರು ಕೈಯಿಂದ ಹಣ ಹಾಕಬೇಕು? ಈ ಪ್ರಶ್ನೆಗಳ ಮೇಲೆ ದೇಶ ದೇಶಗಳ ನಡುವೆ ಮೂವತ್ತು ವರ್ಷಕ್ಕೂ ಮೇಲೆ ಜಗಳ ನಡೆದಿದೆ. ಆ ಜಗಳ ದೂರದ್ದು ಅನ್ನಿಸುತ್ತದೆ. ಆದರೆ ಅದರಲ್ಲಿ ನಮ್ಮ ಗದ್ದೆಯ ಹೆಸರಿದೆ. ನಮ್ಮ ಎಮ್ಮೆಯ ಹೆಸರಿದೆ. ಜೋಯಿಡಾದ ಕಾಡಿನಂಥ ಕಾಡುಗಳ ಲೆಕ್ಕವೂ ಇದೆ. ಬನ್ನಿ, ಓದೋಣ.

ಗಾಳಿಯ ಕಂಬಳಿ

ಚಳಿಗಾಲದ ರಾತ್ರಿ ನಾವು ಕಂಬಳಿ ಹೊದೆಯುತ್ತೇವೆ. ಕಂಬಳಿಯೇನು ಬೆಂಕಿಯಲ್ಲ. ನಮ್ಮ ಮೈಯ ಕಾವನ್ನೇ ಅದು ಹೊರಗೆ ಬಿಡದೆ ಹಿಡಿಯುತ್ತದೆ.

ಭೂಮಿಗೂ ಹೀಗೆ ಒಂದು ಕಂಬಳಿ ಇದೆ. ಅದು ಗಾಳಿಯ ಕಂಬಳಿ. ಹಗಲು ಬಿಸಿಲಿಗೆ ಕಾದ ನೆಲದ ಕಾವನ್ನು ಅದು ಸ್ವಲ್ಪ ಹಿಡಿದಿಡುತ್ತದೆ. ಅದು ಇಲ್ಲದಿದ್ದರೆ ಭೂಮಿ ಹಿಮದಂತೆ ತಣ್ಣಗಾಗುತ್ತಿತ್ತು.

ಆದರೆ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಸುಟ್ಟಾಗ ಒಂದು ಬಗೆಯ ಅನಿಲ ಬರುತ್ತದೆ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಅಂತ ಹೆಸರು. ನಾವು ಇಲ್ಲಿ ಸುಲಭವಾಗಿ ಇಂಗಾಲದ ಹೊಗೆ ಅನ್ನೋಣ. ಇದು ಕಣ್ಣಿಗೆ ಕಾಣದು. ಮೇಲೆ ಹೋಗಿ ಕಂಬಳಿಯನ್ನು ದಪ್ಪ ಮಾಡುತ್ತದೆ. ಒಂದು ಕಂಬಳಿ ಹೊದೆಯುವ ಕಡೆ ಎರಡು ಹೊದ್ದರೆ ಏನಾಗುತ್ತದೆ? ಮೈ ಬೆವರುತ್ತದೆ. ಭೂಮಿಗೂ ಹಾಗೇ ಆಗಿದೆ. ಅಳತೆ ಇಡಲು ತೊಡಗಿದ ಕಾಲದಿಂದ 2024ರಷ್ಟು ಬಿಸಿಯಾದ ವರ್ಷ ಬಂದಿರಲಿಲ್ಲ.

ಮೇಲೆ ಹೋದ ಈ ಹೊಗೆಯಲ್ಲಿ ದೊಡ್ಡ ಪಾಲು ಬೇಗ ಇಳಿಯುವುದಿಲ್ಲ. ನೂರಾರು ವರ್ಷ ಅಲ್ಲೇ ಇರುತ್ತದೆ. ಇದನ್ನು ನೆನಪಿಡಿ. ಜಗಳದ ಬೇರು ಇಲ್ಲೇ ಇದೆ.

ಕೆರೆಯ ಜಗಳ

ಒಂದು ಊರು ಅಂತ ತಿಳಿಯಿರಿ. ಊರಿಗೆ ಒಂದೇ ಕೆರೆ. ನಾಲ್ಕು ದೊಡ್ಡ ಮನೆಯವರು ಪಂಪು ಹಚ್ಚಿ ಐವತ್ತು ವರ್ಷ ನೀರೆತ್ತಿದರು. ಕಬ್ಬು ಬೆಳೆದರು. ಮಹಡಿ ಮನೆ ಕಟ್ಟಿದರು. ಉಳಿದವರು ಕೊಡ ಹೊತ್ತು ಕುಡಿಯುವ ನೀರು ತಂದರು. ಒಂದು ಬೇಸಿಗೆ ಕೆರೆಯ ತಳ ಕಂಡಿತು.

ಊರ ಪಂಚರು ಕೂಡಿದರು. ದೊಡ್ಡ ಮನೆಯವರು ಎದ್ದು ಹೇಳಿದರು: ''ಕೆರೆ ಎಲ್ಲರದು. ಆದ್ದರಿಂದ ಇನ್ನು ಎಲ್ಲರೂ ಅರ್ಧ ನೀರು ಕಡಿಮೆ ಮಾಡೋಣ.''

ಆಗ ಒಬ್ಬ ಮುದುಕಿ ಕೇಳಿದಳು: ''ಯಪ್ಪಾ, ನಿನ್ನ ಪಂಪಿನಾಗ ಅರ್ಧ ಕಡಿಮಿ ಆದ್ರ ಕಬ್ಬು ಕಡಿಮಿ ಆಕ್ಕೈತಿ. ನನ್ನ ಕೊಡದಾಗ ಅರ್ಧ ಕಡಿಮಿ ಆದ್ರ ಮಕ್ಕಳ ಬಾಯಿ ಒಣಗತೈತಿ. ಎರಡೂ ಒಂದೇನು?''

ದೇಶಗಳ ಜಗಳವೂ ಇದೇ. ಅಮೆರಿಕ, ಇಂಗ್ಲೆಂಡ್, ಜರ್ಮನಿಯಂಥ ದೇಶಗಳು ನೂರಾರು ವರ್ಷದಿಂದ ಕಲ್ಲಿದ್ದಲು ಸುಟ್ಟು ಕಾರ್ಖಾನೆ ನಡೆಸಿದವು. ಇದುವರೆಗೆ ಕಲ್ಲಿದ್ದಲು, ಎಣ್ಣೆ ಸುಟ್ಟು ಮೇಲೆ ಹೋದ ಹೊಗೆಯನ್ನು ನೂರು ಪಾಲು ಮಾಡಿದರೆ, ಅದರಲ್ಲಿ ಸುಮಾರು 24 ಪಾಲು ಅಮೆರಿಕ ಒಂದರದ್ದೇ. ನಮ್ಮ ದೇಶದ್ದು 4 ಪಾಲಿನೊಳಗೆ.

ಇಂದಿನ ಲೆಕ್ಕವನ್ನೂ ನೋಡೋಣ. ದೇಶದ ಹೊಗೆಯನ್ನು ಜನರ ತಲೆಗೆ ಹಂಚಿದರೆ, ಅಮೆರಿಕದ ಒಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 140 ಕ್ವಿಂಟಲ್ ಬರುತ್ತದೆ. ನಮ್ಮ ದೇಶದ ಒಬ್ಬರ ಪಾಲಿಗೆ ಸುಮಾರು 20 ಕ್ವಿಂಟಲ್. ಅಂದ್ರೆ ಅಲ್ಲಿನ ಒಬ್ಬರು ಇಲ್ಲಿನ ಏಳು ಜನಕ್ಕೆ ಸಮ.

ನಮ್ಮ ಗದ್ದೆಯ ಮೇಲೆ ದೂರು

1990ರಲ್ಲಿ ಅಮೆರಿಕದ ಒಂದು ಸಂಸ್ಥೆ ಒಂದು ವರದಿ ಬರೆಯಿತು. ಭೂಮಿ ಬಿಸಿಯಾಗಲು ಭಾರತ, ಚೀನಾದಂಥ ದೇಶಗಳದ್ದೂ ದೊಡ್ಡ ಪಾಲಿದೆ ಎಂದಿತು. ಹೇಗೆ? ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಎಂಬ ಅನಿಲ ಬರುತ್ತದೆ. ಮೆಲುಕು ಹಾಕುವ ದನ, ಎಮ್ಮೆ ತೇಗಿದಾಗಲೂ ಬರುತ್ತದೆ. ಇದೂ ಕಂಬಳಿಯನ್ನು ದಪ್ಪ ಮಾಡುತ್ತದೆ. ಅದನ್ನೆಲ್ಲ ನಮ್ಮ ಹೆಸರಿಗೆ ಬರೆದರು.

ದಿಲ್ಲಿಯಲ್ಲಿ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಎಂಬ ಇಬ್ಬರು ಆ ವರದಿ ಓದಿದರು. ಒಂದೊಂದು ಅಂಕಿಯನ್ನೂ ಮತ್ತೆ ಲೆಕ್ಕ ಹಾಕಿದರು. 1991ರಲ್ಲಿ ಉತ್ತರ ಬರೆದರು. ಅವರು ಎತ್ತಿದ ಮಾತು ಸರಳ. ಹೊಟ್ಟೆಪಾಡಿನ ಹೊಗೆ ಬೇರೆ, ಭೋಗದ ಹೊಗೆ ಬೇರೆ. ಅನ್ನ ಬೆಳೆಯುವ ಗದ್ದೆಯನ್ನೂ, ಮನೆಗೆ ಎರಡು ಕಾರು ಓಡಿಸುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆಕಾಶದಲ್ಲಿ ಪ್ರತಿಯೊಬ್ಬ ಮನುಷ್ಯನಿಗೂ ಸಮಪಾಲು ಇದೆ.

ಯೋಚಿಸಿ. ಮುಂಡಗೋಡ, ಹಳಿಯಾಳದ ಭತ್ತದ ಗದ್ದೆ. ಗೌಳಿ ಅಕ್ಕಂದಿರ ಎಮ್ಮೆ. ಇವುಗಳ ಮೇಲೆ ಯಾರೋ ಎಲ್ಲೋ ಕಾಗದದಲ್ಲಿ ದೂರು ಬರೆದಿದ್ದರು. ನಮಗೆ ಗೊತ್ತೇ ಇರಲಿಲ್ಲ. ಓದಬಲ್ಲವರಿಬ್ಬರು ಓದಿದರು, ಲೆಕ್ಕ ಕೇಳಿದರು. ಅದಕ್ಕೇ ಆ ಮಾತಿಗೆ ಉತ್ತರ ಸಿಕ್ಕಿತು.

ದೇಶಗಳ ಪಂಚಾಯಿತಿ

1992ರಲ್ಲಿ ಬ್ರೆಜಿಲ್ ದೇಶದ ರಿಯೋ ನಗರದಲ್ಲಿ ಲೋಕದ ದೇಶಗಳೆಲ್ಲ ಕೂಡಿದವು. ಒಂದು ಒಪ್ಪಂದ ಬರೆದವು. ಅದರ ಸಾರ ಇಷ್ಟು: ಭೂಮಿಯನ್ನು ಕಾಯುವ ಹೊಣೆ ಎಲ್ಲರದು. ಆದರೆ ಎಲ್ಲರ ಹೊಣೆಯೂ ಒಂದೇ ತೂಕದ್ದಲ್ಲ. ಹೆಚ್ಚು ಹೊಗೆ ಬಿಟ್ಟವರು ಮುಂದೆ ನಿಂತು ಮಾಡಬೇಕು. ಕೆರೆಯ ಮುದುಕಿ ಕೇಳಿದ ಮಾತೇ ಕಾಗದಕ್ಕೆ ಬಂತು ಅನ್ನಿ.

1997ರಲ್ಲಿ ಜಪಾನಿನ ಕ್ಯೋಟೋದಲ್ಲಿ ಕೂಡಿದರು. ಸಿರಿವಂತ ದೇಶಗಳು ಇಂತಿಷ್ಟು ಹೊಗೆ ಕಡಿಮೆ ಮಾಡಬೇಕು ಎಂದು ಅಂಕಿ ಬರೆದರು. ಅಮೆರಿಕ ಮೊದಲು ಸಹಿ ಹಾಕಿತು. 2001ರಲ್ಲಿ, ಚೀನಾ, ಭಾರತಕ್ಕೆ ಕಟ್ಟು ಇಲ್ಲದ ಒಪ್ಪಂದ ನಮಗೆ ಬೇಡ ಎಂದು ಹಿಂದೆ ಸರಿಯಿತು.

2015ರಲ್ಲಿ ಫ್ರಾನ್ಸಿನ ಪ್ಯಾರಿಸ್‌ನಲ್ಲಿ ಹೊಸ ಒಪ್ಪಂದವಾಯಿತು. ಈ ಸಲ ಪ್ರತಿ ದೇಶವೂ ತಾನೆಷ್ಟು ಮಾಡುತ್ತೇನೆ ಎಂದು ತಾನೇ ಬರೆದು ಕೊಡಬೇಕು. ಭೂಮಿಯ ಬಿಸಿ ಹಳೆಯ ಕಾಲಕ್ಕಿಂತ 2 ಡಿಗ್ರಿಗಿಂತ ಸಾಕಷ್ಟು ಕೆಳಗೇ ನಿಲ್ಲಬೇಕು, ಆದರೆ 1.5 ಡಿಗ್ರಿಗೇ ತಡೆಯಲು ಯತ್ನಿಸಬೇಕು ಎಂದು ಗುರಿ ಇಟ್ಟರು. ಈ ಒಪ್ಪಂದದಿಂದ ಅಮೆರಿಕ 2020ರಲ್ಲಿ ಹೊರಗೆ ಹೋಯಿತು. 2021ರಲ್ಲಿ ಒಳಗೆ ಬಂತು. 2025ರ ಜನವರಿಯಲ್ಲಿ ಮತ್ತೆ ಹೊರಗೆ ಹೋಗುವ ಆಜ್ಞೆಗೆ ಅಲ್ಲಿನ ಅಧ್ಯಕ್ಷರು ಸಹಿ ಹಾಕಿದರು. ಊರ ಸಂಘದಲ್ಲಿ ದೊಡ್ಡ ಮನೆಯವರು ಬಂದೂ ಹೋಗಿಯೂ ಮಾಡಿದರೆ ಸಂಘ ಹೇಗೆ ನಡೆದೀತು? ಅದೇ ಕಷ್ಟ ಅಲ್ಲಿಯೂ ಇದೆ.

ಒಂದೇ ಒಂದು ಪದ

ಅಕ್ಷರ ಕಲಿತ ನಾವು ತಿಳಿಯಲೇಬೇಕಾದ ಎರಡು ಸಂಗತಿ ಈ ಸಭೆಗಳಲ್ಲಿ ನಡೆದವು.

ಪ್ಯಾರಿಸ್ ಸಭೆಯ ಕೊನೆಯ ದಿನ, 2015ರ ಡಿಸೆಂಬರ್ 12. ಎಲ್ಲ ಬರೆದು ಮುಗಿದಿತ್ತು. ಸಹಮತ ಕೇಳುವುದಷ್ಟೇ ಬಾಕಿ. ಆಗ ಅಮೆರಿಕದವರು ಒಂದು ಪದ ಹಿಡಿದು ನಿಂತರು. ಸಿರಿವಂತ ದೇಶಗಳು ಹೊಗೆ ಕಡಿಮೆ 'ಮಾಡತಕ್ಕದ್ದು' ಎಂಬ ಅರ್ಥದ ಪದ ಅಲ್ಲಿತ್ತು. ಅದನ್ನು 'ಮಾಡುವುದು ಸೂಕ್ತ' ಎಂಬ ಅರ್ಥಕ್ಕೆ ಇಳಿಸಬೇಕು ಎಂದರು. ಬರೆಯುವಾಗ ಆದ ಕೈತಪ್ಪು ಎಂದು ಹೇಳಿ ಪದ ಬದಲಿಸಿದರು. ಒಪ್ಪಂದ ಪಾಸಾಯಿತು. 'ತಕ್ಕದ್ದು' ಅಂದ್ರೆ ಕಟ್ಟು. 'ಸೂಕ್ತ' ಅಂದ್ರೆ ಬುದ್ಧಿಮಾತು. ಎಷ್ಟು ಅಂತರ ನೋಡಿ!

ಎರಡನೆಯದು 2021ರ ನವೆಂಬರ್‌ನಲ್ಲಿ, ಗ್ಲಾಸ್ಗೋ ನಗರದಲ್ಲಿ. ಕಲ್ಲಿದ್ದಲು ಸುಡುವುದನ್ನು ಹಂತ ಹಂತವಾಗಿ 'ನಿಲ್ಲಿಸುವುದು' ಎಂದು ಬರೆದಿತ್ತು. ಈ ಸಲ ಎದ್ದು ನಿಂತದ್ದು ನಮ್ಮ ದೇಶ. 'ಕಡಿಮೆ ಮಾಡುವುದು' ಎಂದು ಬದಲಿಸಿ ಎಂದಿತು. ಬಡವರ ಮನೆಗೆ ಕರೆಂಟು ಮುಟ್ಟಬೇಕಾದರೆ ಕಲ್ಲಿದ್ದಲು ಇನ್ನೂ ಕೆಲವು ಕಾಲ ಬೇಕು, ಕಲ್ಲಿದ್ದಲನ್ನಷ್ಟೇ ಯಾಕೆ ಹೆಸರಿಸುತ್ತೀರಿ ಎಂಬುದು ನಮ್ಮವರ ವಾದ. ಪದ ಬದಲಾಯಿತು. ಆದರೆ ಸಮುದ್ರದ ನಡುವಿನ ಚಿಕ್ಕ ದ್ವೀಪಗಳ ಜನ ಬಹಳ ನೊಂದುಕೊಂಡರು. ಸಮುದ್ರ ಏರಿದರೆ ಮೊದಲು ಮುಳುಗುವುದು ಅವರ ಮನೆ.

ಇಲ್ಲಿ ಪೂರ್ತಿ ತಪ್ಪು ಯಾರದು, ಪೂರ್ತಿ ಸರಿ ಯಾರದು? ಹೇಳುವುದು ಸುಲಭವಲ್ಲ. ಒಂದು ಮಾತು ಮಾತ್ರ ನಿಜ. ಕಾಗದದ ಮೇಲಿನ ಒಂದು ಪದಕ್ಕೆ ದೇಶಗಳೇ ರಾತ್ರಿ ಹಗಲು ಕೂತು ಜಗಳಾಡುತ್ತವೆ.

ಸಾಲವೋ, ಸಹಾಯಧನವೋ?

ಇನ್ನು ದುಡ್ಡಿನ ಮಾತು. 2009ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಸಿರಿವಂತ ದೇಶಗಳು ಒಂದು ಮಾತು ಕೊಟ್ಟವು. 2020ರ ಹೊತ್ತಿಗೆ ಬಡ ದೇಶಗಳಿಗಾಗಿ ವರ್ಷಕ್ಕೆ 10 ಸಾವಿರ ಕೋಟಿ ಡಾಲರ್ ಹೊಂದಿಸುತ್ತೇವೆ ಎಂದವು. ಅವರದೇ ಲೆಕ್ಕದ ಪ್ರಕಾರ ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಎರಡು ವರ್ಷ ತಡ. ಅದರಲ್ಲೂ ಹೆಚ್ಚಿನದು ಸಾಲ. ಸಾಲಕ್ಕೂ ಸಹಾಯಧನಕ್ಕೂ ಇರುವ ಅಂತರವನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ!

ನೆರೆ, ಬರದಿಂದ ಆದ ಹಾನಿಗೆ ಬೇರೆ ನಿಧಿ ಬೇಕು ಎಂದು ಬಡ ದೇಶಗಳು ಬಹಳ ವರ್ಷ ಕೇಳಿದವು. 2022ರಲ್ಲಿ ಈಜಿಪ್ಟಿನ ಸಭೆ ಒಪ್ಪಿತು. 2023ರಲ್ಲಿ ದುಬೈ ಸಭೆಯಲ್ಲಿ ನಿಧಿ ಶುರುವಾಯಿತು. ಆಗ ಬಂದ ಭರವಸೆ ಸುಮಾರು 70 ಕೋಟಿ ಡಾಲರ್. ಲೋಕದ ಹಾನಿಗೆ ಇದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

2024ರಲ್ಲಿ ಬಾಕು ನಗರದ ಸಭೆಯಲ್ಲಿ ಬಡ ದೇಶಗಳು ವರ್ಷಕ್ಕೆ 1 ಲಕ್ಷ 30 ಸಾವಿರ ಕೋಟಿ ಡಾಲರ್ ಬೇಕು ಎಂದವು. ಸಿರಿವಂತ ದೇಶಗಳು ಮುಂದೆ ನಿಂತು 2035ರ ಹೊತ್ತಿಗೆ 30 ಸಾವಿರ ಕೋಟಿ ಹೊಂದಿಸುವುದು ಎಂದು ತೀರ್ಮಾನವಾಯಿತು. ಇದು ಏನೇನೂ ಸಾಲದು ಎಂದು ಭಾರತದ ಪ್ರತಿನಿಧಿ ಸಭೆಯಲ್ಲೇ ಹೇಳಿದರು. ಹೇಳಿದವರು ಒಬ್ಬ ಹೆಣ್ಣುಮಗಳು.

ನಮ್ಮ ಮನೆಯೊಳಗಿನ ಲೆಕ್ಕ

ದೇಶ ದೇಶಗಳ ನಡುವೆ ನ್ಯಾಯ ಕೇಳಿದೆವು. ಸರಿ. ನಮ್ಮ ದೇಶದೊಳಗೆ?

ಇವತ್ತು ವರ್ಷದ ಒಟ್ಟು ಹೊಗೆಯಲ್ಲಿ ಚೀನಾ, ಅಮೆರಿಕ ಬಿಟ್ಟರೆ ಮೂರನೆಯದು ಭಾರತವೇ. ಹೊಗೆಯನ್ನು 2070ರ ಹೊತ್ತಿಗೆ ನಿವ್ವಳ ಸೊನ್ನೆಗೆ ತರುತ್ತೇವೆ ಎಂದು ನಮ್ಮ ದೇಶ 2021ರಲ್ಲಿ ಮಾತು ಕೊಟ್ಟಿದೆ. ನಿವ್ವಳ ಸೊನ್ನೆ ಅಂದ್ರೆ, ಬಿಟ್ಟಷ್ಟು ಹೊಗೆಯನ್ನು ಹೀರಿಕೊಳ್ಳುವಂತೆಯೂ ಮಾಡುವುದು.

ತಲೆಗೆ 20 ಕ್ವಿಂಟಲ್ ಅಂದೆವಲ್ಲ, ಅದೂ ಸರಾಸರಿ ಲೆಕ್ಕ. ವಿಮಾನ ಹತ್ತುವವರ ಪಾಲು ಹೆಚ್ಚು. ಸೌದೆ ಹೊರೆ ಹೊರುವವಳ ಪಾಲು ಬಹಳ ಕಡಿಮೆ. ಒಲೆಯ ಹೊಗೆ ನಮ್ಮ ಕಣ್ಣಿಗೆ, ಎದೆಗೆ ಕೆಟ್ಟದ್ದು, ನಿಜ. ಅದನ್ನು ತಪ್ಪಿಸಿಕೊಳ್ಳಬೇಕು. ಆದರೆ ಭೂಮಿ ಬಿಸಿಯಾಯಿತೆಂದು ಒಲೆಯ ಮುಂದೆ ಕೂತವಳನ್ನು ದೂರಬಾರದು.

ಹೊಗೆ ಇಲ್ಲದ ಕರೆಂಟಿಗೂ ಬೆಲೆ ಇದೆ. ಇದು ನಮಗೆ ಗೊತ್ತು. ಕಾಳಿ ನದಿ ಜೋಯಿಡಾದ ಡಿಗ್ಗಿ ಹತ್ತಿರ ಹುಟ್ಟುತ್ತದೆ. ಗಣೇಶಗುಡಿಯಲ್ಲಿ ಅದಕ್ಕೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಟ್ಟಿದರು. ಆ ನೀರಿನಿಂದ ಕರೆಂಟು ಬಂತು. ಕಲ್ಲಿದ್ದಲು ಸುಡಬೇಕಾಗಲಿಲ್ಲ. ರಾಜ್ಯಕ್ಕೆಲ್ಲ ಬೆಳಕಾಯಿತು. ಆದರೆ ಸೂಪಾ ಊರು ನೀರಿನಡಿ ಹೋಯಿತು. ಹಲವರು ಗದ್ದೆ ಮನೆ ಬಿಟ್ಟು ರಾಮನಗರದಂಥ ಕಡೆ ಹೊಸದಾಗಿ ಒಲೆ ಹೂಡಿದರು. ಬೆಳಕು ಎಲ್ಲರಿಗೆ. ಮುಳುಗಿದ್ದು ಕೆಲವರಿಗೆ. ಇಂಥ ಯೋಜನೆ ಬಂದಾಗ ಕಳೆದುಕೊಳ್ಳುವವರ ಮಾತು ಮೊದಲು ಕೇಳಬೇಕು.

ಕಾಡಿನ ಲೆಕ್ಕ, ನಮ್ಮ ಹಕ್ಕು

ಮರ ಬೆಳೆಯುವಾಗ ಇಂಗಾಲದ ಹೊಗೆಯನ್ನು ಹೀರುತ್ತದೆ. ಕಾಂಡದಲ್ಲಿ, ಬೇರಿನಲ್ಲಿ ಕೂಡಿಡುತ್ತದೆ. ಅದಕ್ಕೇ ಕಾಡಿಗೆ ಈಗ ಲೋಕದ ಪೇಟೆಯಲ್ಲಿ ಬೆಲೆ ಬಂದಿದೆ. ಪ್ಯಾರಿಸ್ ಒಪ್ಪಂದಕ್ಕೆ ಭಾರತ ಕೊಟ್ಟ ಮಾತಿನಲ್ಲಿ ಇದೂ ಇದೆ: 2030ರ ಹೊತ್ತಿಗೆ ಹೆಚ್ಚಿನ ಕಾಡು, ಮರ ಬೆಳೆಸಿ 250ರಿಂದ 300 ಕೋಟಿ ಟನ್ ಇಂಗಾಲದ ಹೊಗೆಯನ್ನು ಹೀರಿಸುತ್ತೇವೆ.

ಹಾಗಾದರೆ ದಾಂಡೇಲಿ, ಜೋಯಿಡಾದ ಕಾಡು ಲೋಕಕ್ಕೇ ಬೇಕಾದ ಕಾಡು. ಇದನ್ನು ಉಳಿಸಿದವರಲ್ಲಿ ಕುಣಬಿಯರು, ಸಿದ್ದಿಯರು, ಗೌಳಿಗರು ಇದ್ದಾರೆ. ಮುರುಗಲು, ಉಪ್ಪಾಗೆ, ಜೇನು ತಂದು, ಗೆಡ್ಡೆಗೆಣಸು ಬೆಳೆದು ಬದುಕಿದ ಹೆಣ್ಣುಮಕ್ಕಳಿದ್ದಾರೆ. ಕಾಡಿನ ಲೆಕ್ಕ ಬರೆಯುವಾಗ ಇವರ ಹೆಸರೂ ಬರಬೇಡವೇ?

ಇದಕ್ಕಾಗಿಯೇ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ತಿಳಿದಿರಬೇಕು. ಈ ಕಾಯ್ದೆಯಲ್ಲಿ ನಮಗೆ ಬೇಕಾದ ಮಾತುಗಳಿವೆ. ಮದುವೆಯಾದವರಿಗೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ ಆಗಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರಿರಬೇಕು. ಗ್ರಾಮಸಭೆಗೆ ಕೂಡಿದವರಲ್ಲೂ ಮೂರರಲ್ಲಿ ಒಂದು ಪಾಲು ಹೆಂಗಸರು ಬೇಕು. ಊರಿನವರೆಲ್ಲ ಕೂಡಿ ಕಾಯ್ದ ಕಾಡಿನ ಮೇಲೆ ಸಮುದಾಯದ ಹಕ್ಕನ್ನೂ ಕೇಳಬಹುದು.

ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡಿನ ಜನ 2005ರ ಡಿಸೆಂಬರ್ 13ಕ್ಕೆ ಮೊದಲು 75 ವರ್ಷ ಇಲ್ಲೇ ಇದ್ದೆವೆಂದು ತೋರಿಸಬೇಕು. 75 ವರ್ಷದ ಕಾಗದ ಎಲ್ಲಿಂದ ತರುವುದು? ಇಲ್ಲಿಯೂ ಒಂದು ದಾರಿ ಇದೆ. ಊರಿನ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಒಂದು ಪುರಾವೆ. ಅದೊಂದೇ ಸಾಲದು, ಜೊತೆಗೆ ಬೇರೆ ಪುರಾವೆಯೂ ಬೇಕು. ಆದರೆ ಅಜ್ಜಿಯ ನೆನಪನ್ನು ಬರೆದುಕೊಳ್ಳುವ ಕೈ ಈಗ ನಮ್ಮ ಮನೆಯಲ್ಲೇ ಇದೆ!

ಓದಿ, ಆಮೇಲೆ ಸಹಿ

ಹೊಗೆಯ ಲೆಕ್ಕ ಈಗ ವ್ಯಾಪಾರವೂ ಆಗಿದೆ. ಒಂದು ಒಳ್ಳೆಯ ಉದಾಹರಣೆ ನೋಡೋಣ. ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಸೀಮೆಯಲ್ಲಿ ಕೂಲಿಕಾರರ ಸಂಘವಿದೆ. ಅಲ್ಲಿ ಕೂಲಿಕಾರರ ಮನೆಗಳಿಗೆ 5,500 ಗೋಬರ್ ಗ್ಯಾಸ್ ಕಟ್ಟುವ ಯೋಜನೆ 2005ರಲ್ಲಿ ಕ್ಯೋಟೋ ಒಪ್ಪಂದದಡಿ ನೋಂದಣಿಯಾಯಿತು. ಸೆಗಣಿಯ ಗ್ಯಾಸಿನಲ್ಲಿ ಅಡಿಗೆ ಮಾಡಿದರೆ ಸೌದೆ, ಸೀಮೆಎಣ್ಣೆ ಉಳಿಯುತ್ತದೆ. ಹೊಗೆ ಕಡಿಮೆಯಾಗುತ್ತದೆ. ಹೀಗೆ ಉಳಿದ ಹೊಗೆಯ ಲೆಕ್ಕವನ್ನು ಸಿರಿವಂತ ದೇಶದವರಿಗೆ ಮಾರಬಹುದು. ಇದಕ್ಕೆ ಕಾರ್ಬನ್ ಕ್ರೆಡಿಟ್ ಅಂತಾರೆ.

ನಾಳೆ ನಮ್ಮ ಊರಿಗೂ ಯಾರಾದರೂ ಬರಬಹುದು. ನಿಮ್ಮ ಮರಕ್ಕೆ, ನಿಮ್ಮ ಒಲೆಗೆ ದುಡ್ಡು ಕೊಡ್ತೇವೆ, ಇಲ್ಲಿ ಸಹಿ ಹಾಕಿ ಅನ್ನಬಹುದು. ಒಳ್ಳೆಯ ಯೋಜನೆಯೂ ಇರಬಹುದು, ಮೋಸವೂ ಇರಬಹುದು. ಆಗ ಕೇಳಬೇಕು. ಎಷ್ಟು ವರ್ಷಕ್ಕೆ ಈ ಕರಾರು? ಮರ ಕಡಿಯಲು, ಸೊಪ್ಪು ತರಲು ನಮಗೆ ಅಡ್ಡಿ ಬರುತ್ತದೆಯೇ? ಬಂದ ದುಡ್ಡಿನಲ್ಲಿ ನಮ್ಮ ಪಾಲೆಷ್ಟು? ಈ ಕಾಗದ ಕನ್ನಡದಲ್ಲಿ ಇದೆಯೇ? ಉತ್ತರ ಸಿಗುವ ತನಕ ಪೆನ್ನು ಎತ್ತಬೇಡಿ.

2025ರ ನವೆಂಬರ್‌ನಲ್ಲಿ ದೇಶಗಳ ಸಭೆ ಬ್ರೆಜಿಲಿನ ಬೆಲೆಮ್ ನಗರದಲ್ಲಿ ನಡೆಯಿತು. ಅದು ಅಮೆಜಾನ್ ಕಾಡಿನ ಸೀಮೆ. ಆ ಕಾಡಿನ ಮೂಲನಿವಾಸಿಗಳು ಸಭೆಯ ಬಾಗಿಲಿಗೇ ಬಂದು ನಿಂತರು. ಹೆಂಗಸರು ಮಕ್ಕಳೂ ಬಂದಿದ್ದರು. ತಮ್ಮ ಕಾಡಿನ ಮಾತನ್ನು ತಮ್ಮನ್ನು ಬಿಟ್ಟು ತೀರ್ಮಾನಿಸಬಾರದು ಎಂಬುದು ಅವರ ಹಟ.

ನಾವು ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಗ್ರಾಮಸಭೆ ನಮ್ಮ ಊರಲ್ಲೇ ಇದೆ. ಹಿಂದೆ ಹೆಬ್ಬೆಟ್ಟು ಒತ್ತಿ ಎದ್ದು ಬರುತ್ತಿದ್ದೆವು. ಇನ್ನು ಕಾಗದ ಓದಿ, ಪದ ಕೇಳಿ, ಆಮೇಲೆ ಸಹಿ ಹಾಕೋಣ. 'ತಕ್ಕದ್ದು' ಇದೆಯೋ, 'ಸೂಕ್ತ' ಇದೆಯೋ, ನೋಡೋಣ.

ಕೂಡಿ ಮಾತಾಡೋಣ

1. ನಿಮ್ಮ ಅಜ್ಜಿಯ ಕಾಲದ ಮಳೆಗೂ ಈಗಿನ ಮಳೆಗೂ ಏನು ಅಂತರ? ಹಿರಿಯರನ್ನು ಕೇಳಿ ಬರೆಯಿರಿ.

2. ಕೆರೆಯ ಕತೆಯಲ್ಲಿ ನೀವು ಪಂಚರಾಗಿದ್ದರೆ ಏನು ತೀರ್ಪು ಕೊಡುತ್ತಿದ್ದಿರಿ?

3. ನಿಮ್ಮ ಊರಿನ ಅರಣ್ಯ ಹಕ್ಕು ಸಮಿತಿಯಲ್ಲಿ ಹೆಂಗಸರು ಎಷ್ಟು ಜನ? ಅವರ ಹೆಸರು ಬರೆಯಿರಿ.